ಕಾಯ್ದೆಯಲ್ಲಿ ಹೆಸರಿಲ್ಲದ ಸ್ಟೇಷನ್: ಬಾರ್ಕಂಬ್ ಪ್ರಕರಣ

1956ರ ಆಗಸ್ಟ್ 7ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ ಮುಚ್ಚಿಹೋಗಿದ್ದ ಒಂದು ರೈಲು ಮಾರ್ಗ ಮತ್ತೆ ತೆರೆಯಿತು. ಲೂಯಿಸ್ ಪಟ್ಟಣದಿಂದ ಈಸ್ಟ್ ಗ್ರಿನ್‌ಸ್ಟೆಡ್ ಕಡೆಗೆ ಹೋಗುವ ಮಾರ್ಗ ಅದು. ಲೂಯಿಸ್ ಬಿಟ್ಟು ಕವಲು ಮಾರ್ಗಕ್ಕೆ ತಿರುಗಿದರೆ ಮೊದಲು ಸಿಗುವ ಸ್ಟೇಷನ್ ಬಾರ್ಕಂಬ್. ಪ್ಲಾಟ್‌ಫಾರ್ಮ್ ಇತ್ತು, ಕಟ್ಟಡ ಇತ್ತು, ಪಕ್ಕದಲ್ಲೇ ಊರಿತ್ತು. ರೈಲು ಬಂತು, ನಿಲ್ಲದೆ ಹೋಯಿತು. ಮುಂದಿನ ಹತ್ತೊಂಬತ್ತು ತಿಂಗಳು ಇದೇ ನಡೆಯಿತು. ಕೊನೆಗೆ ಆ ರೈಲುಗಳೂ ನಿಂತುಹೋದವು.

ಕಾರಣ ಕೇಳಿದರೆ ನಂಬುವುದು ಕಷ್ಟ. 1870ರ ದಶಕದ ಒಂದು ಕಾಯ್ದೆಯಲ್ಲಿ ರೈಲು ಎಲ್ಲೆಲ್ಲಿ ನಿಲ್ಲಬೇಕು ಎಂದು ಬರೆದಿತ್ತು. ಅದರಲ್ಲಿ ಬಾರ್ಕಂಬ್ ಹೆಸರು ಇರಲಿಲ್ಲ.

ಹಳ್ಳಿ ಸ್ಟೇಷನ್‌ಗಳು ಮುಚ್ಚಿದ ಕಥೆ ಇಂಗ್ಲೆಂಡಿನಲ್ಲಿ ಸಾವಿರಾರು ಇವೆ. ಹೆಚ್ಚಿನವು ಒಂದೇ ತರಹದವು: ಜನ ಕಡಿಮೆ, ನಷ್ಟ ಜಾಸ್ತಿ, ಬೀಗ. ಬಾರ್ಕಂಬ್ ಕಥೆಯನ್ನು ಬಿಡಿಸಿ ನೋಡಬೇಕು ಅನ್ನಿಸುವುದಕ್ಕೆ ಬೇರೆ ಕಾರಣ ಇದೆ. ಒಂದು ಊರಿನ ರೈಲನ್ನು ಉಳಿಸುವುದು ಏನು? ಜನರ ಅಗತ್ಯವೇ, ಲೆಕ್ಕಪತ್ರವೇ, ಕಾಗದದ ಮೇಲಿನ ಒಂದು ಸಾಲೇ, ಅಥವಾ ಹಟ ಹಿಡಿದ ನಾಲ್ಕು ಜನರೇ? ಇಲ್ಲಿ ನಾಲ್ಕೂ ಒಂದೇ ಮಾರ್ಗದ ಮೇಲೆ, ಐದೇ ವರ್ಷಗಳ ಒಳಗೆ ಕಾಣುತ್ತವೆ.

ಒಂದು ಊರು, ಎರಡು ಸ್ಟೇಷನ್

ಬಾರ್ಕಂಬ್‌ಗೆ ರೈಲು ಮೊದಲು ಬಂದಿದ್ದು 1858ರಲ್ಲಿ, ಲೂಯಿಸ್‌ನಿಂದ ಅಕ್‌ಫೀಲ್ಡ್‌ಗೆ ಹೋಗುವ ಮಾರ್ಗದಲ್ಲಿ. ಆ ಸ್ಟೇಷನ್ ಊರಿನಿಂದ ದೂರ, ನದಿ ಪಕ್ಕದ ಗಿರಣಿಗಳ ಹತ್ತಿರ ಇತ್ತು. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ, 1882ರ ಆಗಸ್ಟ್ 1ರಂದು, ಲೂಯಿಸ್–ಈಸ್ಟ್ ಗ್ರಿನ್‌ಸ್ಟೆಡ್ ಮಾರ್ಗ ತೆರೆಯಿತು. ಕಲ್ವರ್ ಜಂಕ್ಷನ್ ಎಂಬಲ್ಲಿ ಅದು ಹಳೆಯ ಮಾರ್ಗದಿಂದ ಕವಲೊಡೆದು ಉತ್ತರಕ್ಕೆ ಹೋಗುತ್ತಿತ್ತು. ಈ ಹೊಸ ಮಾರ್ಗದ ಸ್ಟೇಷನ್ ಊರಿಗೇ ಹತ್ತಿರ ಬಂತು. ಮೊದಲು ಇದನ್ನು ನ್ಯೂ ಬಾರ್ಕಂಬ್ ಎಂದರು. 1885ರಲ್ಲಿ ಹೆಸರು ಅದಲುಬದಲಾಯಿತು: ಹಳೆಯದು ಬಾರ್ಕಂಬ್ ಮಿಲ್ಸ್ ಆಯಿತು, ಹೊಸದು ಬರೀ ಬಾರ್ಕಂಬ್.

ಮಾರ್ಗ ಬೇಕೆಂದು ಓಡಾಡಿದವರು ಅಲ್ಲಿಯ ಜಮೀನುದಾರರು. ಅವರಲ್ಲಿ ದೊಡ್ಡ ಹೆಸರು ಮೂರನೆಯ ಅರ್ಲ್ ಆಫ್ ಶೆಫೀಲ್ಡ್. ಕ್ರಿಕೆಟ್ ಹುಚ್ಚಿನ ಮನುಷ್ಯ. ಆಸ್ಟ್ರೇಲಿಯಾದ ಶೆಫೀಲ್ಡ್ ಶೀಲ್ಡ್ ಪಂದ್ಯಾವಳಿಗೆ ಆ ಹೆಸರು ಬಂದಿದ್ದು ಇವರು ಕೊಟ್ಟ 150 ಪೌಂಡ್‌ನಿಂದ. ಇವರ ಶೆಫೀಲ್ಡ್ ಪಾರ್ಕ್ ಎಸ್ಟೇಟಿನೊಳಗೇ ಒಂದು ಮೈದಾನ ಇತ್ತು. ಪ್ರವಾಸಕ್ಕೆ ಬಂದ ಆಸ್ಟ್ರೇಲಿಯಾ ತಂಡಗಳು ಅಲ್ಲಿ ಹಲವು ಬಾರಿ ಆಡಿವೆ. 1896ರಲ್ಲಿ ನಮ್ಮ ರಣಜಿತ್‌ಸಿಂಹಜಿ ಕೂಡ ಡಬ್ಲ್ಯು.ಜಿ. ಗ್ರೇಸ್ ಜೊತೆ ಅಲ್ಲಿ ಆಡಿದ್ದರು. ಎಸ್ಟೇಟಿನ ಹೆಸರಿನದೇ ಸ್ಟೇಷನ್, ಬಾರ್ಕಂಬ್‌ನಿಂದ ಎರಡನೆಯದು.

ಇಂಥ ಹಿನ್ನೆಲೆ ಇದ್ದದ್ದರಿಂದಲೋ ಏನೋ, ಈ ಮಾರ್ಗದ ಸ್ಟೇಷನ್ ಕಟ್ಟಡಗಳು ಹಳ್ಳಿಗೆ ಮೀರಿದ ಚೆಂದದವು. ವಾಸ್ತುಶಿಲ್ಪಿ ಟಿ.ಎಚ್. ಮೈರ್ಸ್. ಕೆಳಗಡೆ ಇಟ್ಟಿಗೆ ಗೋಡೆ. ಮೇಲಂತಸ್ತಿನಲ್ಲಿ ಮರದ ಚೌಕಟ್ಟು, ಚೌಕಟ್ಟಿನ ನಡುವೆ ಗಾರೆ, ಗಾರೆಯ ಮೇಲೆ ಹೂವಿನ ಉಬ್ಬು ಚಿತ್ತಾರ. ಕಡಿದಾದ ಹೆಂಚಿನ ಮಾಡು, ಎತ್ತರದ ಚಿಮಣಿ. ದೂರದಿಂದ ನೋಡಿದರೆ ಸ್ಥಿತಿವಂತರ ಹಳ್ಳಿಮನೆ ಅನ್ನಬೇಕು, ಸ್ಟೇಷನ್ ಅನ್ನಿಸುವುದಿಲ್ಲ. ಸ್ಟೇಷನ್ ಮಾಸ್ಟರ್ ಸಂಸಾರಕ್ಕೆ ಅಲ್ಲೇ ವಾಸ. 1908ರಲ್ಲಿ ಬಾರ್ಕಂಬ್‌ನ ಸ್ಟೇಷನ್ ಮಾಸ್ಟರ್‌ಗೆ ಇದೇ ಮನೆಯಲ್ಲಿ ಒಬ್ಬ ಮಗ ಹುಟ್ಟಿದ. ಹೆಸರು ಬರ್ನಾರ್ಡ್ ಹೋಲ್ಡನ್. ಈ ಹುಡುಗನ ವಿಷಯ ಮುಂದೆ ಬರುತ್ತದೆ.

ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಮಾರ್ಗದ ಹಣೆಬರಹ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಟ್ಟು ದೂರ ಸುಮಾರು 20 ಮೈಲಿ. ಎರಡು ತುದಿಯಲ್ಲೂ ಸಣ್ಣ ಪಟ್ಟಣ, ನಡುವೆ ಕಾಡು, ಹೊಲ, ಚದುರಿದ ಹಳ್ಳಿಗಳು. ಲಂಡನ್–ಬ್ರೈಟನ್ ಮುಖ್ಯ ಮಾರ್ಗ ಪಶ್ಚಿಮಕ್ಕೆ ಕೆಲವೇ ಮೈಲಿ ಆಚೆ. ಕಲ್ವರ್ ಜಂಕ್ಷನ್‌ನಿಂದ ಹಾರ್ಸ್ಟೆಡ್ ಕೇನ್ಸ್‌ವರೆಗೆ ಒಂದೇ ಹಳಿ. ಬಸ್ಸು, ಕಾರು ಬಂದ ಮೇಲೆ ಜನ ಮನೆ ಬಾಗಿಲಲ್ಲಿ ಹತ್ತಿ ಬೇಕಾದಲ್ಲಿ ಇಳಿಯುವುದಕ್ಕೆ ಒಗ್ಗಿಕೊಂಡರು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾಗಿ ಬ್ರಿಟಿಷ್ ರೈಲ್ವೇಸ್ ಹುಟ್ಟಿತು. ನಷ್ಟದ ಕವಲು ಮಾರ್ಗಗಳನ್ನು ಕಡಿಯುವ ಕೆಲಸವೂ ಜೊತೆಗೇ ಶುರುವಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಯಾವ ಹಳ್ಳಿ ಸ್ಟೇಷನ್ ಮುಚ್ಚಿದ್ದರೂ ಜನ ಬ್ರಿಟಿಷ್ ರೈಲ್ವೇಸ್ ಮುಖ್ಯಸ್ಥರಾಗಿದ್ದ ಡಾಕ್ಟರ್ ಬೀಚಿಂಗ್ ಕಡೆಗೆ ಬೆರಳು ತೋರಿಸುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಿ ಎಂದ ಅವರ ವರದಿ ಬಂದಿದ್ದು 1963ರಲ್ಲಿ. ಬಾರ್ಕಂಬ್‌ಗೆ ಬೀಗ ಬಿದ್ದು ಆಗಲೇ ಎಂಟು ವರ್ಷ ಆಗಿತ್ತು. ಬೀಚಿಂಗ್ ಬರುವ ಮುಂಚೆಯೇ ಸಾವಿರಾರು ಮೈಲಿ ಹಳಿ ಸದ್ದಿಲ್ಲದೆ ಹೋಗಿತ್ತು. ಒಬ್ಬ ಮನುಷ್ಯನ ತಲೆಗೆ ಎಲ್ಲವನ್ನೂ ಕಟ್ಟಿದರೆ ಆ ಸದ್ದಿಲ್ಲದ ವರ್ಷಗಳ ಲೆಕ್ಕ ಯಾರೂ ಕೇಳುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಮುಷ್ಕರದ ನಡುವೆ ಬಿದ್ದ ಬೀಗ

ಮಾರ್ಗ ಮುಚ್ಚುವ ದಿನ 1955ರ ಜೂನ್ 13 ಎಂದು ಗೊತ್ತಾಗಿತ್ತು. ಆದರೆ ಮೇ ಕೊನೆಯಲ್ಲಿ ಇಂಜಿನ್ ಚಾಲಕರ ಸಂಘ ದೇಶವ್ಯಾಪಿ ಮುಷ್ಕರ ಹೂಡಿತು. ರೈಲುಗಳು ನಿಂತವು. ಮುಷ್ಕರ ಮುಗಿದಿದ್ದು ಜೂನ್ 14ರಂದು, ಅಂದರೆ ಬೀಗ ಹಾಕುವ ದಿನ ದಾಟಿದ ಮೇಲೆ. ಹಾಗಾಗಿ ಮೇ ಕೊನೆಯಲ್ಲಿ ಓಡಿದ್ದೇ ಕೊನೆಯ ರೈಲಾಯಿತು. ಊರವರಿಗೆ ಸಿಗಬೇಕಿದ್ದ ಕೊನೆಯ ಎರಡು ವಾರವೂ ಸಿಗಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ಚೇಲಿ ಗ್ರಾಮದ ಮ್ಯಾಜ್ ಬೆಸ್ಸೆಮರ್ ಎಂಬ ಮಹಿಳೆ. ಉಕ್ಕು ತಯಾರಿಕೆಯ ಹೊಸ ವಿಧಾನ ಕಂಡುಹಿಡಿದ ಹೆನ್ರಿ ಬೆಸ್ಸೆಮರ್ ಅವರ ಮನೆತನದವರು. ಆ ಉಕ್ಕಿನಿಂದಲೇ ರೈಲು ಹಳಿಗಳು ಅಗ್ಗವಾಗಿ, ಗಟ್ಟಿಯಾಗಿ ಜಗತ್ತಿನ ತುಂಬ ಹರಡಿದ್ದು. ರೈಲು ನಿಂತಾಗ ಆಕೆ ಗೊಣಗಿಕೊಂಡು ಕೂರಲಿಲ್ಲ. ಮಾರ್ಗ ಕಟ್ಟಲು ಸಂಸತ್ತು ಅನುಮತಿ ಕೊಟ್ಟ ಮೂಲ ಕಾಯ್ದೆಗಳನ್ನೇ ತರಿಸಿ ಓದಿದರು. 1877ರದು ಒಂದು, 1878ರದು ಇನ್ನೊಂದು.

ಆ ಕಾಲದ ಬ್ರಿಟನ್ನಿನಲ್ಲಿ ಪ್ರತಿ ರೈಲು ಮಾರ್ಗಕ್ಕೂ ಸಂಸತ್ತಿನಲ್ಲಿ ಪ್ರತ್ಯೇಕ ಕಾಯ್ದೆ ಬೇಕಿತ್ತು. ಬೇರೆಯವರ ಜಮೀನು ಹಿಡಿಯುವ ಅಧಿಕಾರ ಕಂಪನಿಗೆ ಸಿಗುತ್ತಿದ್ದದ್ದು ಆ ಕಾಯ್ದೆಯಿಂದ. ಅದಕ್ಕೆ ಪ್ರತಿಯಾಗಿ ಜಮೀನುದಾರರು ತಮಗೆ ಬೇಕಾದ ಷರತ್ತು ಸೇರಿಸುತ್ತಿದ್ದರು. ಇಲ್ಲಿಯೂ ಹಾಗೇ ಆಗಿತ್ತು. ಈ ಮಾರ್ಗದಲ್ಲಿ ದಿನಕ್ಕೆ ನಾಲ್ಕು ಪ್ರಯಾಣಿಕರ ರೈಲು ಆ ಕಡೆಗೂ ಈ ಕಡೆಗೂ ಓಡಬೇಕು, ಹೆಸರಿಸಿದ ಸ್ಟೇಷನ್‌ಗಳಲ್ಲಿ ನಿಲ್ಲಬೇಕು ಎಂಬ ಕಲಂ ಅದರಲ್ಲಿತ್ತು. ಎಂಬತ್ತು ವರ್ಷ ಯಾರೂ ಅದನ್ನು ತೆಗೆದಿರಲಿಲ್ಲ. ಕಂಪನಿ ಕೈ ಬದಲಾಯಿಸಿತ್ತು, ಎರಡು ಮಹಾಯುದ್ಧ ಆಗಿತ್ತು, ರಾಷ್ಟ್ರೀಕರಣ ಆಗಿತ್ತು. ಕಲಂ ಮಾತ್ರ ಜೀವಂತ ಇತ್ತು.

ಅಂದರೆ ರೈಲು ನಿಲ್ಲಿಸಿದ್ದು ಕಾನೂನಿಗೆ ವಿರುದ್ಧ.

ಸರ್ಕಾರಿ ಸಂಸ್ಥೆಯೊಂದು ತನ್ನದೇ ದೇಶದ ಕಾಯ್ದೆ ಮುರಿದಿದೆ ಎಂದು ಹಳ್ಳಿಯ ಒಬ್ಬ ಹೆಂಗಸು ದಾಖಲೆ ಸಮೇತ ತೋರಿಸಿದರೆ ಏನು ಮಾಡುತ್ತಾರೆ? ಬ್ರಿಟಿಷ್ ರೈಲ್ವೇಸ್ ಬೇರೆ ದಾರಿ ಇಲ್ಲದೆ ಮಾರ್ಗ ತೆರೆಯಿತು. ಆಗಸ್ಟ್ 7ರ ಆ ರೈಲು ಓಡಿದ್ದು ಹೀಗೆ.

ಕಾಟಾಚಾರದ ರೈಲು

ತೆರೆಯುವುದು ಬೇರೆ, ಮನಸ್ಸಿಟ್ಟು ಓಡಿಸುವುದು ಬೇರೆ. ಕಾಯ್ದೆ ನಾಲ್ಕು ರೈಲು ಎಂದಿತ್ತು, ನಾಲ್ಕೇ ಓಡಿದವು. ಶಾಲೆಗೆ ಹೋಗುವವರಿಗೂ ಕೆಲಸಕ್ಕೆ ಹೋಗುವವರಿಗೂ ಒದಗದ ವೇಳೆಯಲ್ಲಿ ಓಡಿದವು. ಎಷ್ಟೋ ಸಲ ಇಂಜಿನ್ ಹಿಂದೆ ಒಂದೇ ಬೋಗಿ. ಜನ ಇದಕ್ಕೆ ಮುನಿಸಿನ ರೈಲು ಎಂದೇ ಹೆಸರಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತೀವಲ್ಲ, ಅದೇ ಆಯಿತು.

ಮುನಿಸು ಪೂರ್ತಿ ಬಿದ್ದಿದ್ದು ಬಾರ್ಕಂಬ್ ಮೇಲೆ. ನ್ಯೂಯಿಕ್ ಅಂಡ್ ಚೇಲಿ, ಶೆಫೀಲ್ಡ್ ಪಾರ್ಕ್, ಹಾರ್ಸ್ಟೆಡ್ ಕೇನ್ಸ್, ವೆಸ್ಟ್ ಹೋತ್ಲಿ, ಈ ನಾಲ್ಕು ಕಡೆ ರೈಲು ನಿಂತಿತು. ದಕ್ಷಿಣದ ಬಾರ್ಕಂಬ್, ಉತ್ತರದ ಕಿಂಗ್ಸ್‌ಕೋಟ್, ಈ ಎರಡರ ಹೆಸರು ಕಾಯ್ದೆಯಲ್ಲಿ ಇರಲಿಲ್ಲ. ಅಲ್ಲಿ ನಿಲ್ಲಿಸಬೇಕೆಂಬ ಕಟ್ಟುಪಾಡೂ ಇಲ್ಲ. ನಿಲ್ಲಿಸಬಾರದು ಎಂದೂ ಯಾರೂ ಬರೆದಿರಲಿಲ್ಲ, ಗಮನಿಸಿ. 1882ರಿಂದ 1955ರವರೆಗೆ ಎಪ್ಪತ್ತಮೂರು ವರ್ಷ ರೈಲು ಅಲ್ಲಿ ನಿಂತೇ ಹೋಗಿತ್ತು. ಪ್ಲಾಟ್‌ಫಾರ್ಮ್ ಹಾಗೇ ಇತ್ತು. ಲೂಯಿಸ್‌ಗೆ ಹೋಗಬೇಕಾದರೆ ಪ್ರತಿ ರೈಲೂ ಆ ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಹಾಯಬೇಕು. ಒಂದು ನಿಮಿಷ ನಿಂತಿದ್ದರೆ ಆಗುತ್ತಿದ್ದ ಖರ್ಚು ಎಷ್ಟು?

ಲೆಕ್ಕ ಹಾಕಿ. ಆ ಕಡೆಗೆ ನಾಲ್ಕು, ಈ ಕಡೆಗೆ ನಾಲ್ಕು. ದಿನಕ್ಕೆ ಎಂಟು ಸಲ ಬಾರ್ಕಂಬ್‌ನ ಜನ ತಮ್ಮ ಸ್ಟೇಷನ್ ದಾಟಿಹೋಗುವ ರೈಲನ್ನು ಕೇಳಿಸಿಕೊಂಡರು. ಅದೇ ಚಳಿಗಾಲದಲ್ಲಿ ಸೂಯೆಜ್ ಬಿಕ್ಕಟ್ಟು ಬಂದು ಪೆಟ್ರೋಲ್‌ಗೆ ರೇಷನ್ ಆಯಿತು. 1956ರ ಡಿಸೆಂಬರ್‌ನಿಂದ 1957ರ ಮೇವರೆಗೆ ಕಾರಿಗೆ ಬೇಕಾದಷ್ಟು ಪೆಟ್ರೋಲ್ ಸಿಗುತ್ತಿರಲಿಲ್ಲ. ರಸ್ತೆ ಇದ್ದಾಗ ಹಳಿ ಯಾಕೆ ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ. ಆ ಐದು ತಿಂಗಳೂ ಬಾರ್ಕಂಬ್ ಪ್ಲಾಟ್‌ಫಾರ್ಮ್ ಮುಂದೆ ಸೀಟು ಖಾಲಿ ಇರುವ ರೈಲುಗಳು ಓಡಿದವು.

ಪ್ರಕರಣದಲ್ಲಿ ನನಗೆ ಅತ್ಯಂತ ಬೇಸರ ತರುವ ಭಾಗ ಇದು. ಮುಚ್ಚಿದ್ದನ್ನು ಅರ್ಥ ಮಾಡಿಕೊಳ್ಳಬಹುದು; ನಷ್ಟ ನಿಜವಾಗಿಯೂ ಇತ್ತು. ಆದರೆ ಓಡುತ್ತಿರುವ ರೈಲನ್ನು ಇರುವ ಸ್ಟೇಷನ್‌ನಲ್ಲಿ ನಿಲ್ಲಿಸದಿರುವುದಕ್ಕೆ ಯಾವ ಲೆಕ್ಕಪತ್ರವೂ ಸಮರ್ಥನೆ ಕೊಡುವುದಿಲ್ಲ. ಜನ ಹತ್ತಿದರೆ ನಷ್ಟ ಸ್ವಲ್ಪ ಕಡಿಮೆ ಆಗುತ್ತಿತ್ತು, ಅಷ್ಟೇ ಅಲ್ವಾ? ನಷ್ಟ ತೋರಿಸಬೇಕಾದವರಿಗೆ ಅದು ಬೇಡವಾಗಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. ಹಾರ್ಸ್ಟೆಡ್ ಕೇನ್ಸ್‌ನಂಥ ಕಡೆ ರೈಲು ನಿಂತರೂ ವೇಳಾಪಟ್ಟಿ ಹೇಗಿತ್ತು ಎಂದು ನೋಡಿದರೆ ಬೇರೆ ಅರ್ಥ ಹೊಳೆಯುವುದಿಲ್ಲ.

ಜಗಳ ಸಂಸತ್ತಿಗೆ ಹೋಯಿತು. 1957ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಕಾಯ್ದೆ ನೋಡದೆ ಮುಚ್ಚಿದ್ದಕ್ಕೆ ರೈಲ್ವೆಗೆ ಛೀಮಾರಿ ಬಿತ್ತು. ಛೀಮಾರಿಯಿಂದ ರೈಲು ಉಳಿಯಲಿಲ್ಲ. ಅಡ್ಡಿ ಇದ್ದದ್ದು ಒಂದು ಕಲಂ, ಕಲಂ ಬರೆದಿದ್ದು ಸಂಸತ್ತು, ಸಂಸತ್ತೇ ಅದನ್ನು ತೆಗೆಯಬಹುದು. ತೆಗೆಯಿತು. 1958ರ ಮಾರ್ಚ್ 17ರಿಂದ ಮಾರ್ಗ ಅಧಿಕೃತವಾಗಿ ಮುಚ್ಚಿತು. ಹಿಂದಿನ ದಿನ ಕೊನೆಯ ರೈಲು ಹತ್ತಲು, ನೋಡಲು ಜನ ಕಿಕ್ಕಿರಿದಿದ್ದರು.

ಸೋತ ಹೋರಾಟದಿಂದ ಉಳಿದದ್ದು

ಹಾಗಾದರೆ ಮ್ಯಾಜ್ ಬೆಸ್ಸೆಮರ್ ಹೋರಾಟ ವ್ಯರ್ಥವೇ? ಫಲಿತಾಂಶ ಮಾತ್ರ ನೋಡಿದರೆ ಹೌದು ಅನ್ನಬಹುದು. ಎರಡೂಮುಕ್ಕಾಲು ವರ್ಷ ಸಮಯ ಸಿಕ್ಕಿತು ಅಷ್ಟೆ. ಆದರೆ ಈ ಪ್ರಕರಣದಲ್ಲಿ ಆ ಎರಡೂಮುಕ್ಕಾಲು ವರ್ಷವೇ ಎಲ್ಲ.

ಮಾರ್ಗ ಮುಚ್ಚಿದ ಮೇಲೆ ಹಳಿ ಕಿತ್ತು ಗುಜರಿಗೆ ಮಾರುವುದು ರೂಢಿ. 1955ರಲ್ಲೇ ಕಥೆ ಮುಗಿದಿದ್ದರೆ 1959ರ ಹೊತ್ತಿಗೆ ಅಲ್ಲಿ ಬರೀ ಜಲ್ಲಿಕಲ್ಲು ಉಳಿದಿರುತ್ತಿತ್ತು. ಮತ್ತೆ ತೆರೆದದ್ದರಿಂದ ಹಳಿ ಉಳಿಯಿತು, ಸಿಗ್ನಲ್ ಉಳಿಯಿತು, ಸ್ಟೇಷನ್‌ಗಳು ನಿಂತಿದ್ದವು. ಜೊತೆಗೆ ಪತ್ರಿಕೆಗಳು ವರ್ಷಗಟ್ಟಲೆ ಬರೆದಿದ್ದರಿಂದ ಈ ಪುಟ್ಟ ಮಾರ್ಗದ ಹೆಸರು ದೇಶಕ್ಕೆಲ್ಲ ಗೊತ್ತಾಗಿತ್ತು.

ಕೆಲವು ವಿದ್ಯಾರ್ಥಿಗಳಿಗೆ ಈ ಮಾರ್ಗವನ್ನು ತಾವೇ ಓಡಿಸಿದರೆ ಹೇಗೆ ಎಂಬ ಯೋಚನೆ ಬಂತು. ಕೈಯಲ್ಲಿ ದುಡ್ಡಿಲ್ಲ, ಅನುಭವ ಇಲ್ಲ. 1959ರ ಮಾರ್ಚ್ 15ರಂದು ಹೇವರ್ಡ್ಸ್ ಹೀತ್‌ನಲ್ಲಿ ಸಭೆ ಕರೆದರು. ಅಧ್ಯಕ್ಷತೆಗೆ ರೈಲ್ವೆ ಕೆಲಸ ಗೊತ್ತಿರುವ ಒಬ್ಬ ಹಿರಿಯರು ಬೇಕಿತ್ತು. ಆ ಕುರ್ಚಿಯಲ್ಲಿ ಕೂತವರು ಬರ್ನಾರ್ಡ್ ಹೋಲ್ಡನ್, ಬಾರ್ಕಂಬ್ ಸ್ಟೇಷನ್ ಮನೆಯಲ್ಲಿ ಹುಟ್ಟಿದ ಅದೇ ಹುಡುಗ. ಆಗ ಅವರು ವೃತ್ತಿಯಿಂದಲೂ ರೈಲ್ವೆ ನೌಕರ.

ಇಪ್ಪತ್ತೂ ಮೈಲಿ ಉಳಿಸುವ ಆಸೆ ಬಹಳ ಬೇಗ ಬಿಡಬೇಕಾಯಿತು. ಶೆಫೀಲ್ಡ್ ಪಾರ್ಕ್‌ನಿಂದ ಹಾರ್ಸ್ಟೆಡ್ ಕೇನ್ಸ್ ಹತ್ತಿರದವರೆಗಿನ ತುಂಡನ್ನು ಬ್ರಿಟಿಷ್ ರೈಲ್ವೇಸ್‌ನಿಂದ ಗುತ್ತಿಗೆಗೆ ಪಡೆದರು. ಯಾಕೆ ಅದೇ ತುಂಡು? ಹಾರ್ಸ್ಟೆಡ್ ಕೇನ್ಸ್‌ಗೆ ಪಶ್ಚಿಮದಿಂದ ಇನ್ನೊಂದು ಮಾರ್ಗ ಬರುತ್ತಿತ್ತು. 1935ರಲ್ಲಿ ವಿದ್ಯುದೀಕರಣ ಆದ ಮಾರ್ಗ ಅದು. 1963ರವರೆಗೆ ಅಲ್ಲಿ ಸರ್ಕಾರಿ ರೈಲು ಓಡಿದವು. ಅಂದರೆ ಹಳೆಯ ಇಂಜಿನ್, ಬೋಗಿ ಕೊಂಡರೆ ಹಳಿಯ ಮೇಲೇ ತರಿಸಿಕೊಳ್ಳಬಹುದು. ದೇಶದ ಜಾಲಕ್ಕೆ ಹತ್ತಿರವಿದ್ದ ಭಾಗಕ್ಕೆ ಇದು ದೊಡ್ಡ ಅನುಕೂಲ ಆಯಿತು. ಬಾರ್ಕಂಬ್ ಇದ್ದದ್ದು ಉಳಿಸಿದ ತುಂಡಿನ ದಕ್ಷಿಣಕ್ಕೆ. ಅಲ್ಲಿಯ ಹಳಿ ಕಿತ್ತರು.

1960ರ ಆಗಸ್ಟ್ 7ರಂದು ಆ ಗುತ್ತಿಗೆ ತುಂಡಿನ ಮೇಲೆ ಬ್ಲೂಬೆಲ್ ರೈಲ್ವೆ ಎಂಬ ಹೆಸರಿನಲ್ಲಿ ಅವರ ರೈಲು ಶುರುವಾಯಿತು. ಆಗ ಅವರ ಹತ್ತಿರ ಇದ್ದದ್ದು ಎರಡು ಪುಟ್ಟ ಉಗಿ ಇಂಜಿನ್, ಎರಡು ಬೋಗಿ. ದೇಶದ ಮುಖ್ಯ ಜಾಲದ ಅಗಲದ ಹಳಿಯ ಮೇಲೆ, ಸ್ವಯಂಸೇವಕರೇ ನಿಂತು ಓಡಿಸಿದ ಪ್ರಯಾಣಿಕರ ಉಗಿ ರೈಲುಗಳಲ್ಲಿ ಇದು ಮೊದಲ ಸಾಲಿನದು. ಬ್ರಿಟನ್ನಿನಲ್ಲಿ ಆಮೇಲೆ ಹುಟ್ಟಿದ ಎಷ್ಟೋ ಪಾರಂಪರಿಕ ರೈಲ್ವೆಗಳಿಗೆ ಇದು ಧೈರ್ಯ ಕೊಟ್ಟಿತು.

ಬ್ಲೂಬೆಲ್ ಆಮೇಲೆ ಉತ್ತರಕ್ಕೆ ಬೆಳೆಯಿತು. ಬಾರ್ಕಂಬ್ ಹಾಗೇ ಕಾಯ್ದೆಯಿಂದ ಹೊರಗಿದ್ದ ಕಿಂಗ್ಸ್‌ಕೋಟ್‌ಗೆ 1994ರಲ್ಲಿ ರೈಲು ಮತ್ತೆ ಬಂತು. ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ ಹೋಗಲು ಇನ್ನೂ ಎರಡು ದಶಕ ಹಿಡಿಯಿತು. ಇಂಬರ್‌ಹಾರ್ನ್ ಎಂಬಲ್ಲಿ ಗುಡ್ಡ ಕೊರೆದು ಹಳಿ ಹಾಕಿದ್ದ ಕಣಿವೆಗೆ ಮಾರ್ಗ ಮುಚ್ಚಿದ ಮೇಲೆ ಊರಿನ ಕಸ ಸುರಿದಿದ್ದರು. ಅಷ್ಟೂ ಕಸವನ್ನು ಅಗೆದು, ಅದರಲ್ಲಿ ಬಹಳಷ್ಟನ್ನು ರೈಲಿನಲ್ಲೇ ಹೊತ್ತು ಹಾಕಿದರು. 2013ರ ಮಾರ್ಚ್ 23ರಂದು ಮಾರ್ಗ ಈಸ್ಟ್ ಗ್ರಿನ್‌ಸ್ಟೆಡ್ ಮುಟ್ಟಿತು. ಈಗ ಒಟ್ಟು 11 ಮೈಲಿ. ಹೋಲ್ಡನ್ ಅದನ್ನು ನೋಡಲಿಲ್ಲ. ಅದಕ್ಕೆ ಕೆಲವು ತಿಂಗಳ ಮುಂಚೆ, 2012ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಅಳಿದದ್ದು, ಉಳಿದದ್ದು

ಒಂದೇ ಮಾರ್ಗದ ಸ್ಟೇಷನ್‌ಗಳಿಗೆ ಏನೇನಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡಿದರೆ ಕಾಯ್ದೆಯ ರಕ್ಷಣೆ ಎಷ್ಟು ದೂರ ಬರುತ್ತದೆ ಎಂದು ತಿಳಿಯುತ್ತದೆ. ನ್ಯೂಯಿಕ್ ಅಂಡ್ ಚೇಲಿ ಕಾಯ್ದೆಯಲ್ಲಿ ಇತ್ತು, ಮ್ಯಾಜ್ ಬೆಸ್ಸೆಮರ್ ಊರಿನ ಸ್ಟೇಷನ್ ಕೂಡ ಅದೇ. ಅದನ್ನು ಕೆಡವಿದರು. ವೆಸ್ಟ್ ಹೋತ್ಲಿಗೂ ರೈಲು ನಿಲ್ಲುತ್ತಿತ್ತು. ಆ ಕಟ್ಟಡವೂ ಹೋಯಿತು. ಈಗ ಬ್ಲೂಬೆಲ್ ರೈಲುಗಳು ಆ ಜಾಗವನ್ನು ನಿಲ್ಲದೆ ದಾಟುತ್ತವೆ. ಹೆಸರೇ ಇಲ್ಲದ ಕಿಂಗ್ಸ್‌ಕೋಟ್‌ನಲ್ಲಿ ರೈಲು ಮತ್ತೆ ಬಂದಿದೆ. ಹೆಸರಿಲ್ಲದ ಬಾರ್ಕಂಬ್‌ನಲ್ಲಿ ರೈಲು ಇಲ್ಲ, ಆದರೆ ಕಟ್ಟಡ ಇದೆ.

ಮೈರ್ಸ್ ಕಟ್ಟಡವನ್ನು ಮನೆಯ ಹಾಗೆ ಕಟ್ಟಿದ್ದು ಕೆಲಸಕ್ಕೆ ಬಂತು ಅನ್ನಬೇಕು. ಟಿಕೆಟ್ ಕೌಂಟರ್, ಗೋದಾಮು ಮಾತ್ರ ಇದ್ದ ಸ್ಟೇಷನ್‌ಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಇದನ್ನು ಕೊಂಡು ಸಂಸಾರ ಹೂಡಬಹುದಿತ್ತು. ಬಾರ್ಕಂಬ್ ಸ್ಟೇಷನ್ ಈಗ ಖಾಸಗಿ ಮನೆ.

ಊರಿನ ಇನ್ನೊಂದು ಸ್ಟೇಷನ್ ಬಾರ್ಕಂಬ್ ಮಿಲ್ಸ್ 1969ರವರೆಗೆ ಉಸಿರು ಹಿಡಿದಿತ್ತು. ಲೂಯಿಸ್ ಪಟ್ಟಣದ ಹೊಸ ರಸ್ತೆಗೆ ಆ ಹಳಿ ಅಡ್ಡ ಬಂತು, ಅಕ್‌ಫೀಲ್ಡ್ ಮಾರ್ಗದ ಆ ತುಂಡೂ ಮುಚ್ಚಿತು. ಒಂದು ಕಾಲಕ್ಕೆ ಎರಡು ಸ್ಟೇಷನ್ ಇದ್ದ ಗ್ರಾಮಕ್ಕೆ ಒಂದೂ ಉಳಿಯಲಿಲ್ಲ. ಲೂಯಿಸ್–ಅಕ್‌ಫೀಲ್ಡ್ ಮತ್ತೆ ಜೋಡಿಸಿ ಎಂದು ಒತ್ತಾಯಿಸುವವರು ಇಂದಿಗೂ ಇದ್ದಾರೆ.

ಈಗ ಲಂಡನ್ನಿನ ವಿಕ್ಟೋರಿಯಾದಿಂದ ಸಾಮಾನ್ಯ ರೈಲಿನಲ್ಲಿ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಬಂದು, ಅಲ್ಲೇ ಪಕ್ಕದ ಪ್ಲಾಟ್‌ಫಾರ್ಮ್‌ಗೆ ನಡೆದು ಬ್ಲೂಬೆಲ್ ಉಗಿ ರೈಲು ಹತ್ತಬಹುದು. ಕಿಂಗ್ಸ್‌ಕೋಟ್, ಹಾರ್ಸ್ಟೆಡ್ ಕೇನ್ಸ್, ಶೆಫೀಲ್ಡ್ ಪಾರ್ಕ್. ಹಳಿ ಅಲ್ಲಿಗೆ ಮುಗಿಯುತ್ತದೆ. ಬಾರ್ಕಂಬ್‌ಗೆ ಹೋಗುವವರು ಅಲ್ಲಿಂದ ಮುಂದೆ ರಸ್ತೆ ಹಿಡಿಯಬೇಕು.